ಮುಳ್ಳು ಏಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ

ಐದು ತಿಂಗಳು ನಾನು ಒಬ್ಬ ಮನುಷ್ಯನ ಮಾತು ಕೇಳಿಸಿದಂತೆ ನಟಿಸಿದ್ದೇನೆ. ದಿನಾ ಸಂಜೆ, ಅರ್ಧ ತಾಸು. ಇಷ್ಟು ವರ್ಷ ಇದನ್ನು ಯಾರ ಮುಂದೆಯೂ ಹೇಳಿಲ್ಲ. ಹೇಳದಿರುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ, ನಾಚಿಕೆ ಅಷ್ಟೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವನು ನಾನು. ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನಿ, ಅದರಲ್ಲಿ ಅವಮಾನವೇನಿದೆ ಎಂದು ಮಕ್ಕಳಿಗೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದವನೂ ನಾನೇ.

ಆ ಮನುಷ್ಯ ನರಗುಂದದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮುಸಲ್ಮಾನ ಹಿರಿಯರು. ಊರಿಗೆಲ್ಲ ಚಾಚಾ, ನನಗೂ ಚಾಚಾ. ಅಂಗಡಿಯ ಜೊತೆಗೆ ಒಂದು ಮೈಕ್ ಸೆಟ್ಟು ಇತ್ತು. ಮದುವೆಗೆ, ಉರುಸಿಗೆ, ಚುನಾವಣೆಗೆ ಬಾಡಿಗೆಗೆ ಕೊಡುತ್ತಿದ್ದರು. ಜನ ಸೆಟ್ಟಿಗಿಂತ ಹೆಚ್ಚಾಗಿ ಅವರ ದನಿಗೆ ಆಸೆಪಟ್ಟು ಬರುತ್ತಿದ್ದರು. ಆಟೋದಲ್ಲಿ ಕೂತು ಅವರು ‘ಸಮಸ್ತ ನಾಗರಿಕರಲ್ಲಿ’ ಎಂದು ಶುರು ಮಾಡಿದರೆ ಹಿತ್ತಲಲ್ಲಿ ಪಾತ್ರೆ ತಿಕ್ಕುವವರೂ ಕೈ ನಿಲ್ಲಿಸಿ ಕೇಳುತ್ತಿದ್ದರು. ತುಂಬಿದ, ಅವಸರವಿಲ್ಲದ ದನಿ. ತಮ್ಮ ದನಿಯ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು. ನನಗೆ ಅದು ಇಷ್ಟವಾಗುತ್ತಿತ್ತು, ಏಕೆಂದರೆ ಬೇರೆ ಯಾವುದರಲ್ಲೂ ಅವರಿಗೆ ಜಂಬವಿರಲಿಲ್ಲ.

ನಮ್ಮ ಗುರುತಾದದ್ದು ರೋಣದಲ್ಲಿ. ರೋಣ ನನ್ನೂರು. ಸಂತೆಯ ದಿನ ಚಾಚಾ ಬಸ್ಸಿಗೆ ಬಂದು ಒಂದು ಸೈಕಲ್ ಅಂಗಡಿಯ ಕಟ್ಟೆಯ ಮೇಲೆ ರಿಪೇರಿಗೆ ಕೂಡುತ್ತಿದ್ದರು. ನಾನು ಅಪ್ಪನ ಹಳೆಯ ಟ್ರಾನ್ಸಿಸ್ಟರು ಒಯ್ದಿದ್ದೆ. ಅವರು ಅದನ್ನು ಬಿಚ್ಚಿಟ್ಟು, ಚಹಾ ಬರುವತನಕ ಚಮಚೆಯಿಂದ ಗಾಜಿನ ಗ್ಲಾಸಿಗೆ ಟಕಟಕ ಬಡಿಯುತ್ತ ಕೂತರು. ಅದು ತಂತಿ ಕಚೇರಿಯವರು ಬಡಿಯುವ ಭಾಷೆ, ಮೋರ್ಸ್. ಹಾಗೆಂದು ಗುರುತಿಸಿ ಹೇಳಿದೆ. ಚಮಚೆ ಅಲ್ಲೇ ನಿಂತಿತು. ಆ ಸಂತೆಯಿಂದ ಮುಂದಿನ ಎರಡು ವರ್ಷ ಅದೇ ಕಟ್ಟೆ, ಅದೇ ಗ್ಲಾಸು, ನನಗೆ ಪಾಠ. ಮನೆಯಿಂದಲೇ ರೇಡಿಯೋದಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳ ಸರಕಾರಿ ಪರೀಕ್ಷೆ ಪಾಸಾಗಿ, ಚಾಚಾನಂತೆ ನನಗೂ ಲೈಸೆನ್ಸ್ ಬಂದಾಗ ನನಗಿಂತ ಅವರೇ ಹೆಚ್ಚು ಹಿಗ್ಗಿದರು. ಆಗ ನನಗೆ ಮೂವತ್ತೈದು, ಅವರಿಗೆ ಅರವತ್ತರ ಮೇಲೆ. ಆದರೂ ಅವರು ನನಗೆ ‘ಮಾಸ್ತರ’ ಎಂದೇ ಅನ್ನುತ್ತಿದ್ದರು, ಬಹುವಚನ ಬಿಡುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿದ್ದ ಕಾಲ. ಜನರ ಕೈಗೆ ಮೊಬೈಲು ಬಂದಿತ್ತು. ನನಗೆ ಗಜೇಂದ್ರಗಡಕ್ಕೆ ವರ್ಗವಾಗಿತ್ತು. ಹೆಂಡತಿ ಮಕ್ಕಳು ರೋಣದಲ್ಲಿ, ನಾನು ಗಜೇಂದ್ರಗಡದಲ್ಲಿ ಒಂದು ಮಾಳಿಗೆ ಕೋಣೆ ಹಿಡಿದು, ಭಾನುವಾರ ಊರಿಗೆ ಹೋಗಿ ಬರುವ ಬದುಕು. ಬಸ್ಸಿನಲ್ಲಿ ಎರಡು ತಾಸಿಗೆ ಮುಟ್ಟುವ ನರಗುಂದದ ಜೊತೆ ಮಾತಾಡಲು ಇಬ್ಬರು ಗಂಡಸರು ಛಾವಣಿಯ ಮೇಲೆ ತಂತಿ ಎಳೆದು ಒದ್ದಾಡುವುದು ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಫೋನು ಇಲ್ಲವೇನು ಎಂದು ಕೇಳುತ್ತಿದ್ದರು. ಫೋನಿನಲ್ಲಿ ಮಾತು ಮುಟ್ಟುವುದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿದೆ? ಇಲ್ಲಿ ನಾವೇ ಸುತ್ತಿದ ಕಾಯಿಲು, ನಾವೇ ಕಟ್ಟಿದ ತಂತಿ. ಇದನ್ನು ಹೇಳಲು ಹೋಗಿ ಇನ್ನಷ್ಟು ನಗೆಪಾಟಲಾಗುತ್ತಿದ್ದೆ.

ಚಾಚಾನ ಆಸೆಯೇ ಬೇರೆ. ಎಲ್ಲರೂ ದೂರದ ದೇಶ ಹಿಡಿಯುವುದಕ್ಕೆ ಮೇಲಿನ ಬ್ಯಾಂಡುಗಳಿಗೆ ಹೋದರೆ ಅವರು ಕೆಳಗಿನ ಬ್ಯಾಂಡಿಗೆ ಬಿದ್ದಿದ್ದರು. ನೂರಾ ಅರವತ್ತು ಮೀಟರ್. ಮನೆಯ ರೇಡಿಯೋದಲ್ಲಿ ಧಾರವಾಡ ಬರುತ್ತದಲ್ಲ, ಆ ಮುಳ್ಳನ್ನು ಕೊನೆಯವರೆಗೆ ಸರಿಸಿದರೆ ಅದರ ಆಚೆಯ ಓಣಿಯಲ್ಲೇ ಇರುವ ಜಾಗ. ಅಲ್ಲಿ ಯಾರೂ ಇರುವುದಿಲ್ಲ, ಗದ್ದಲ ಜಾಸ್ತಿ, ತಂತಿ ಇನ್ನೂರು ಅಡಿಗೂ ಮೀರಿ ಬೇಕು. ಅಂಗಡಿಗೆ ಹೊಂದಿದ ಅವರ ಮನೆಯ ಹಿಂದೆ ಗುಡ್ಡದ ಕಡೆಗೆ ಬಯಲಿತ್ತು, ಎಳೆದರು. ನನ್ನ ಮಾಳಿಗೆಯ ಮೇಲೆ ಅದರ ಕಾಲು ಭಾಗಕ್ಕಷ್ಟೇ ಜಾಗವಿತ್ತು. ನನ್ನ ತಂತಿ ನಲವತ್ತು ಮೀಟರ್ ಬ್ಯಾಂಡಿಗೆ ಮಾತ್ರ ಸಾಕು. ಆದರೆ ಕೇಳುವುದಕ್ಕೆ ಅಷ್ಟು ಉದ್ದದ ತಂತಿ ಬೇಡ, ಒಂದು ತುಂಡಿದ್ದರೂ ನಡೆಯುತ್ತದೆ. ಹಾಗಾಗಿ ನಾನು ನಲವತ್ತರಲ್ಲಿ ಮಾತಾಡಬೇಕು, ಅವರು ನೂರಾ ಅರವತ್ತರಲ್ಲಿ ಉತ್ತರಿಸಬೇಕು ಎಂದು ಠರಾಯಿಸಿದೆವು. ಇದಕ್ಕೆ ಕ್ರಾಸ್ ಬ್ಯಾಂಡ್ ಅನ್ನುತ್ತಾರೆ. ಮಾತು ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು.

ನನ್ನ ಹತ್ತಿರ ಆ ಬ್ಯಾಂಡಿನ ರಿಸೀವರು ಇರಲಿಲ್ಲ. ಚಾಚಾ ತಾವೇ ಮಾಡಿದರು. ಬಿಸ್ಕೀಟಿನ ತಗಡಿನ ಡಬ್ಬಿ, ಒಳಗೆ ಕೂದಲಿನಂಥ ತಂತಿ ಸುತ್ತಿದ ಮೂರು ಕಾಯಿಲು, ಮುಂದೆ ಹಳೆಯ ಟೇಪ್ ರೆಕಾರ್ಡರಿನಿಂದ ಕಿತ್ತ ಒಂದು ಮೀಟರು. ಯಾವುದಾದರೂ ಸ್ಟೇಷನ್ನು ಸಿಕ್ಕರೆ ಮೀಟರಿನ ಮುಳ್ಳು ಎದ್ದು ತೋರಿಸುತ್ತದೆ. ಕಣ್ಣಿಗೆ ಭೂತಗನ್ನಡಿ ಹಿಡಿದು ಹದಿನೈದು ದಿನ ಕೂತು ಮಾಡಿದ್ದು. ಕಾಯಿಲಿನ ಒಳಗೆ ಫೆರೈಟ್ ಎಂಬ ಪೆಡಸು ವಸ್ತುವಿನ ಕರಿ ತಿರುಪು ಇರುತ್ತದೆ, ಅದನ್ನು ಒಂದಿಷ್ಟು ಹೊರಳಿಸಿದರೆ ಇಡೀ ಸೆಟ್ಟಿನ ಕಿವಿ ಅತ್ತಿತ್ತ ಆಗುತ್ತದೆ. ಆ ಮೂರೂ ತಿರುಪಿನ ತಲೆಗೆ ಮೇಣ ಬಿಟ್ಟು ಮುಚ್ಚಿದ್ದರು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಡಬ್ಬಿ ಕಳಿಸಿದರು, ಜೊತೆಗೆ ದಾರ ಸುತ್ತಿದ ಒಂದು ಬಿದಿರಿನ ಕಡ್ಡಿ. ಕಡ್ಡಿಯ ತುದಿ ಚೂರಿಯಿಂದ ಚಪ್ಪಟೆ ಮಾಡಿದ್ದು. ತಿರುಪು ಮುಟ್ಟಬೇಡಿ, ಮುಟ್ಟಲೇಬೇಕಾದರೆ ಈ ಕಡ್ಡಿಯಿಂದ ಮುಟ್ಟಿ, ಕಬ್ಬಿಣ ಮಾತ್ರ ತಾಗಿಸಬೇಡಿ ಎಂದು ಚೀಟಿ ಬೇರೆ.

ದೀಪಾವಳಿ ಮುಗಿದ ವಾರ ಶುರುವಾಯಿತು. ಚಾಚಾ ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ ಬಂದು ಕೂಡುವ ಹೊತ್ತು. ನಾನು ಕರೆದೆ, ಮುಳ್ಳು ಎದ್ದಿತು, ಡಬ್ಬಿಯೊಳಗಿಂದ ಆ ದನಿ ಬಂತು. ಪಕ್ಕದ ಕುರ್ಚಿಯಲ್ಲಿ ಕೂತು ಮಾತಾಡಿದಂತೆ ಬಂತು. ನನ್ನ ಕೋಣೆಯಲ್ಲಿ ನಾನೊಬ್ಬನೇ ಎದ್ದು ನಿಂತಿದ್ದೆ.

ನಮ್ಮ ಹವ್ಯಾಸದಲ್ಲಿ ಮೊದಲ ಮಾತು ಕುಶಲ ವಿಚಾರಿಸುವುದಲ್ಲ, ರಿಪೋರ್ಟ್ ಕೊಡುವುದು. ನಿಮ್ಮ ಮಾತು ಎಷ್ಟು ತಿಳಿಯುತ್ತದೆ ಎನ್ನುವುದಕ್ಕೆ ಐದರಲ್ಲಿ ಒಂದು ಅಂಕ, ಎಷ್ಟು ಜೋರಿದೆ ಎನ್ನುವುದಕ್ಕೆ ಒಂಬತ್ತರಲ್ಲಿ ಒಂದು. ಎಲ್ಲಕ್ಕಿಂತ ಚಲೋ ಅಂದರೆ ಫೈವ್ ನೈನ್. ಆಮೇಲೆ ದನಿ ಹೇಗೆ ಬರುತ್ತಿದೆ, ಒಡೆಯುತ್ತಿದೆಯೋ ಸ್ವಚ್ಛವೋ, ಅದನ್ನೂ ಹೇಳಬೇಕು. ನಮ್ಮ ದನಿ ಅತ್ತ ಹೇಗೆ ಕೇಳುತ್ತಿದೆಯೆಂದು ನಮಗೆ ತಿಳಿಯುವ ದಾರಿ ಅದೊಂದೇ. ಈ ವಿಷಯದಲ್ಲಿ ಚಾಚಾ ಬಹಳ ಕಟ್ಟುನಿಟ್ಟು. ಪಾಠದ ದಿನಗಳಲ್ಲೇ ಹೇಳಿದ್ದರು: “ದೋಸ್ತ ಅಂತ್ಹೇಳಿ ಜಾಸ್ತಿ ರಿಪೋರ್ಟ್ ಕೊಡಬಾರದ್ರಿ ಮಾಸ್ತರ. ಅಂವ ಅದನ್ನ ನಂಬಿ ಕೆಟ್ಟಿದ್ದನ್ನ ರಿಪೇರಿ ಮಾಡೂದ ಬಿಡತಾನ.”

ಮೊದಲ ನಾಲ್ಕು ದಿನ ನಾನು ಕೊಟ್ಟ ಫೈವ್ ನೈನ್ ಸತ್ಯವಾಗಿತ್ತು. ಅವರು ಏನೇನು ಮಾತಾಡಿದರೋ ಎಲ್ಲವನ್ನೂ ಲಾಗ್ ಪುಸ್ತಕದ ಷರಾ ಕಾಲಮ್ಮಿನಲ್ಲಿ ಸಣ್ಣ ಅಕ್ಷರದಲ್ಲಿ ತುಂಬಿದೆ. ತೀರಿಹೋದ ಹೆಂಡತಿ ರೇಡಿಯೋದ ಮೇಲೆ ಕಸೂತಿಯ ಬಟ್ಟೆ ಹೊದಿಸುತ್ತಿದ್ದದ್ದು, ಇವರು ದಿನಾ ಅದನ್ನು ತೆಗೆಯುತ್ತಿದ್ದದ್ದು, ಆಕೆ ದಿನಾ ಮತ್ತೆ ಹೊದಿಸುತ್ತಿದ್ದದ್ದು. ಈಗ ಬಟ್ಟೆ ತೆಗೆಯಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ ಎಂದು ಅವರು ಅಂದದ್ದೂ ಅಲ್ಲಿದೆ.

ಐದನೆಯ ದಿನ ನನ್ನ ಕೈ ಸುಮ್ಮನಿರಲಿಲ್ಲ. ನನ್ನ ಕೋಣೆಯ ಕೆಳಗೇ ಒಂದು ಹಿಟ್ಟಿನ ಗಿರಣಿ ಇತ್ತು. ಸಂಜೆ ಜೋಳದ ಡಬ್ಬಿಗಳ ಸಾಲು ಉದ್ದವಾದ ದಿನ ಆ ಮೋಟರಿನ ಕಿಡಿ ರೇಡಿಯೋದಲ್ಲಿ ಗರ್ರ್ ಎಂದು ಸುರಿಯುತ್ತಿತ್ತು. ತಿರುಪು ಒಂದಿಷ್ಟು ಹೊರಳಿಸಿದರೆ ಗದ್ದಲ ಕಡಿಮೆಯಾದೀತು ಎಂದು ನನಗೆ ನಾನೇ ಪಂಡಿತನಾದೆ. ಬಿದಿರಿನ ಕಡ್ಡಿ ಎಲ್ಲೋ ಇಟ್ಟಿದ್ದೆ, ಹುಡುಕುವ ತಾಳ್ಮೆ ಇರಲಿಲ್ಲ. ಸ್ಕ್ರೂಡ್ರೈವರು ಕೈಗೆ ಸಿಕ್ಕಿತು. ಮೇಣ ಕೆರೆದು ಒತ್ತಿ ತಿರುವಿದೆ. ಕಟ್ ಎಂದು ಸಣ್ಣ ಸಪ್ಪಳವಾಯಿತು. ಫೆರೈಟು ಸೀಮೆಸುಣ್ಣದ ಕಡ್ಡಿಯಂತೆ ಒಳಗೇ ಮುರಿದು ಅಡ್ಡಡ್ಡ ಸಿಕ್ಕಿಕೊಂಡಿತು. ಹಿಂದೆಯೂ ಬರಲಿಲ್ಲ, ಮುಂದೆಯೂ ಹೋಗಲಿಲ್ಲ.

ಅಂದು ಸಂಜೆ ಚಾಚಾ ಮಾತಾಡಿದಾಗ ಮುಳ್ಳು ಅಷ್ಟಿಷ್ಟು ಎದ್ದಿತು. ದನಿ ಮಾತ್ರ ಗಿರಣಿಯ ಗದ್ದಲದೊಳಗೆ ಮುಳುಗಿಹೋಗಿತ್ತು. ಅವರು ಮಾತಾಡುತ್ತಿದ್ದಾರೆ ಎನ್ನುವುದು ಗೊತ್ತು, ಏನೆನ್ನುವುದು ಗೊತ್ತಿಲ್ಲ. ಮುಳ್ಳು ಬಿದ್ದಿತು, ಅಂದರೆ ನನ್ನ ಸರದಿ. ಆಗ ಹೇಳಿಬಿಡಬೇಕಿತ್ತು. ಚಾಚಾ, ನಿಮ್ಮ ಮಾತು ಮೀರಿ ತಿರುಪು ಮುರಿದಿದ್ದೇನೆ, ಕ್ಷಮಿಸಿ. ಹತ್ತು ಸೆಕೆಂಡಿನ ಮಾತು. ಅವರು ಬೈಯುವವರಲ್ಲ. ನಕ್ಕು, ಡಬ್ಬಿ ವಾಪಸ್ ಕಳಿಸಿ ಎನ್ನುತ್ತಿದ್ದರು. ಆದರೆ ಹದಿನೈದು ದಿನದ ಆ ಭೂತಗನ್ನಡಿ, ಆ ಚೀಟಿ, ಆ ಕಡ್ಡಿ ಎಲ್ಲ ಕಣ್ಣ ಮುಂದೆ ಬಂದವು. ವಿಜ್ಞಾನ ಮಾಸ್ತರನಾಗಿ ಎಂಟನೆಯ ತರಗತಿಯ ಹುಡುಗ ಮಾಡುವ ತಪ್ಪು ಮಾಡಿದೆನಲ್ಲ ಎನಿಸಿತು. ಬಾಯಿಂದ ಬಂದದ್ದು ಬೇರೆ. “ಫೈವ್ ನೈನ್ ಚಾಚಾ. ದನಿ ಸ್ವಚ್ಛ ಐತ್ರಿ, ಮೊದಲಿನಂಗನ.”

ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೇಳುವುದು ಮೊದಲ ದಿನಕ್ಕಿಂತ ಕಷ್ಟವಾಯಿತು, ಏಕೆಂದರೆ ಈಗ ಎರಡು ತಪ್ಪು ಒಪ್ಪಿಕೊಳ್ಳಬೇಕಿತ್ತು. ವಾರ ಕಳೆಯುವುದರೊಳಗೆ ನಾನು ಆ ಸುಳ್ಳಿನಲ್ಲಿ ಪಳಗಿದ್ದೆ. ಮುಳ್ಳು ಎದ್ದಷ್ಟು ಹೊತ್ತು ಚಹಾ ಕುಡಿಯುವುದು, ಉತ್ತರಪತ್ರಿಕೆ ತಿದ್ದುವುದು. ಬಿದ್ದ ಕೂಡಲೆ ಮೈಕು ಹಿಡಿದು, ಫೈವ್ ನೈನ್, ದನಿ ಸ್ವಚ್ಛ, ಹೌದ್ರಿ, ನೀವು ಹೇಳೂದು ಖರೇ ಐತ್ರಿ, ಹಂಗ ಇರತೈತ್ರಿ, ಎಂದು ಯಾವ ಮಾತಿಗೂ ಹೊಂದುವ ಉತ್ತರ. ಕರೆಂಟು ಹೋಗಿ ಗಿರಣಿ ನಿಂತ ದಿನ ಬ್ಯಾಟರಿಯ ಮೇಲೆ ಕೇಳಿದರೆ ಒಂದೆರಡು ಶಬ್ದ ತೇಲಿ ಬರುತ್ತಿತ್ತು. ‘ಮಗಳು’ ಎಂದು ಕೇಳಿದರೆ, ಮಗಳು ಅಂದ್ರ ಮಗಳರಿ ಚಾಚಾ ಎನ್ನುತ್ತಿದ್ದೆ. ಅವರಿಗೆ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ನನ್ನನ್ನು ತಯಾರು ಮಾಡಿದವರೇ ಅವರು.

ರಿಸೀವರನ್ನು ಯಾರಾದರೊಬ್ಬ ಮೆಕ್ಯಾನಿಕನಿಗೆ ತೋರಿಸಬಹುದಿತ್ತು. ಆದರೆ ಹೊಸ ತಿರುಪು ಎಲ್ಲಿಂದ ತಂದರೂ ಸುದ್ದಿ ಚಾಚಾನ ಕಿವಿಗೆ ಬೀಳುತ್ತಿತ್ತು, ಸುತ್ತಿನ ಮೂರು ತಾಲೂಕಿನ ರೇಡಿಯೋದವರೆಲ್ಲ ಅವರ ಶಿಷ್ಯರು. ಹೀಗೆ ಒಂದು ನೆವ ಹಿಡಿದು ಕೂತೆ. ಖರೇ ಹೇಳಬೇಕೆಂದರೆ ಕೇಳದಿರುವುದೇ ಅಭ್ಯಾಸವಾಗಿತ್ತು, ಸುಲಭವೂ ಆಗಿತ್ತು. ಚಹಾ ಕುಡಿಯುತ್ತ ಪೇಪರು ತಿದ್ದಲು ಅರ್ಧ ತಾಸು ಸಿಗುತ್ತಿತ್ತಲ್ಲ.

ಲಾಗ್ ಪುಸ್ತಕದ ಷರಾದಲ್ಲಿ ದಿನಾ ಒಂದೇ ಶಬ್ದ ಬರೆದೆ, ‘ಹರಟೆ’.

ಯುಗಾದಿ ಸಮೀಪಿಸಿದ್ದ ಒಂದು ಮಧ್ಯಾಹ್ನ ನನಗೆ ಫೋನು ಬಂದಿದೆ ಎಂದು ಹೆಡ್‌ಮಾಸ್ತರರ ಕೋಣೆಗೆ ಕರೆದರು. ಚಾಚಾನ ಮಗಳು. ಗಂಡನ ಮನೆ ಬಿಟ್ಟು ಬಂದು ತಂದೆಯ ಜೊತೆ ಇದ್ದು ಅಂಗಡಿಯನ್ನೂ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು. ನನ್ನ ಜೊತೆ ಎಂದೂ ನಾಲ್ಕು ಮಾತಿಗಿಂತ ಹೆಚ್ಚು ಆಡಿದವಳಲ್ಲ. ಅಂದು ನೇರವಾಗಿ ವಿಷಯಕ್ಕೆ ಬಂದಳು.

“ಮಾಸ್ತರ, ನೀವರ ಅಬ್ಬಾಗ ಒಂದ ಮಾತ ಹೇಳ್ರಿ. ಮೂರು ತಿಂಗಳಾತು, ದನಿ ಒಡದೈತಿ. ಹುಬ್ಬಳ್ಳಿ ದವಾಖಾನಿಗೆ ಹೋಗೂಣು ಅಂತ ನಾ ಬಡಕೊಂಡೆ. ಕೇಳವಲ್ರು. ‘ಮಾಸ್ತರನ್ನ ದಿನಾ ಕೇಳತೇನಿ, ದನಿ ಮೊದಲಿನಂಗನ ಐತಿ ಅಂತಾರ, ನಿನ್ನ ಕಿವೀನ ಸರಿ ಇಲ್ಲ’ ಅಂತ ನನಗ ಅಂತಾರ.”

ಭಾನುವಾರ ಬರುತ್ತೇನೆ ಎಂದೆ. ಫೋನು ಇಟ್ಟ ಮೇಲೂ ಅಲ್ಲೇ ನಿಂತಿದ್ದೆ, ಹೆಡ್‌ಮಾಸ್ತರರು ಕೂಡ್ರಿ ಎಂದರು. ಮೂರು ತಿಂಗಳು ಅವರು ನನ್ನನ್ನು ದಿನಾ ಕೇಳಿದ್ದರು. ಮುಳ್ಳು ಏಳುತ್ತಿತ್ತಲ್ಲ, ಅದರೊಳಗೆ ಆ ಪ್ರಶ್ನೆ ಇತ್ತು. ನಾನು ಪೇಪರು ತಿದ್ದುತ್ತಿದ್ದೆ. ಮುಳ್ಳು ಬೀಳುತ್ತಿತ್ತು. ನಾನು ಅನ್ನುತ್ತಿದ್ದೆ, ದನಿ ಸ್ವಚ್ಛ ಐತ್ರಿ, ಮೊದಲಿನಂಗನ.

ಭಾನುವಾರ ರೋಣದಲ್ಲಿ ಇಳಿಯದೆ ನೇರ ನರಗುಂದಕ್ಕೆ ಹೋದೆ. ಚಾಚಾ ಅಂಗಡಿಯಲ್ಲಿದ್ದರು. ಬರ್ರಿ ಮಾಸ್ತರ ಎಂದರು. ಆ ಎರಡು ಶಬ್ದವೇ ಸಾಕಾಯಿತು. ದನಿಯಲ್ಲಿ ತುಂಬಿದ್ದೆಲ್ಲ ಖಾಲಿಯಾಗಿ, ಬರೀ ಗಾಳಿ ಮತ್ತು ಮರಳು ಉಳಿದಿತ್ತು. ಯಾರಿಗಾದರೂ ಗೊತ್ತಾಗುತ್ತಿತ್ತು. ಮಗಳು ಹಿಂದಿನ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

ದವಾಖಾನಿಗೆ ಹೋಗಲೇಬೇಕು, ನಾಳೆಯೇ ಹೋಗಬೇಕು ಎಂದೆ. ಚಾಚಾ ನಕ್ಕರು. ಮೊನ್ನೆ ಸಂಜೆಯೂ ಚಲೋ ಐತಿ ಅಂದಿರಲ್ಲ ಎಂದರು. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ. ರೇಡಿಯೋದಲ್ಲಿ ಅಷ್ಟು ತಿಳಿಯುವುದಿಲ್ಲ ಚಾಚಾ, ಹಿಸ್ ಎನ್ನುವ ಸದ್ದು ಇರುತ್ತದಲ್ಲ ಎಂದೆ. ಮೊದಲ ಸುಳ್ಳನ್ನು ಮುಚ್ಚಲು ಅವರು ಕೈಯಾರೆ ಮಾಡಿದ ಸೆಟ್ಟಿನ ಮೇಲೆಯೇ ತಪ್ಪು ಹೊರಿಸಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ತಮ್ಮ ಟ್ರಾನ್ಸ್‌ಮಿಟರಿನ ಕಡೆ ತಿರುಗಿ, ಹಂಗಾದ್ರ ನಂದ ಏನರ ತಪ್ಪಿರಬೇಕು, ನೋಡತೇನಿ ಎಂದರು.

ಹುಬ್ಬಳ್ಳಿಯಲ್ಲಿ ಗಂಟಲಿನಲ್ಲಿ ಗಡ್ಡೆ ಎಂದರು. ಮೂರು ತಿಂಗಳ ಮೊದಲು ಬಂದಿದ್ದರೆ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ನೋಡಬಹುದಿತ್ತು, ಈಗ ದನಿಪೆಟ್ಟಿಗೆ ತೆಗೆಯದೆ ಗತಿಯಿಲ್ಲ ಎಂದರಂತೆ. ಹಾಗೆಂದು ಮಗಳೇ ನನಗೆ ಹೇಳಿದಳು. ಹೇಳುವಾಗ ನನ್ನ ಮೇಲೆ ಸಿಟ್ಟಿರಲಿಲ್ಲ. ನೀವು ಅಂದು ಬಂದು ಗಟ್ಟಿ ಮಾಡಿ ಹೇಳಿದ್ದಕ್ಕೇ ಹೋದರು, ಇಲ್ಲದಿದ್ದರೆ ಜೀವವೇ ಹೋಗುತ್ತಿತ್ತು ಎಂದು ಉಪಕಾರ ಸ್ಮರಿಸಿದಳು. ಆ ಸ್ಮರಣೆಯನ್ನು ನಾನು ತಲೆ ತಗ್ಗಿಸಿ ಸ್ವೀಕರಿಸಿದೆ. ನಾಚಿಕೆಯಲ್ಲೂ ಮೇಲಿನ ದರ್ಜೆ, ಕೆಳಗಿನ ದರ್ಜೆ ಇದ್ದರೆ ಅದು ಎಲ್ಲಕ್ಕಿಂತ ಕೆಳಗಿನದು.

ಮಳೆಗಾಲ ಹಿಡಿದ ಮೇಲೆ ಚಾಚಾ ಎದ್ದು ಓಡಾಡುವಂತಾದರು. ಕೊರಳಿನಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಮಾತಿಗೆ ಬದಲು ಮಕ್ಕಳ ಕಲ್ಲಿನ ಪಾಟಿ ಮತ್ತು ಬಳಪ. ಒಂದು ದಿನ ಮಗಳನ್ನು ಕರೆದುಕೊಂಡು, ತಿಳಿಸದೆ, ಗಜೇಂದ್ರಗಡಕ್ಕೆ ನನ್ನ ಕೋಣೆಗೇ ಬಂದುಬಿಟ್ಟರು. ಮೆಟ್ಟಿಲು ಹತ್ತಿ ಬಂದು ಏದುಸಿರಿನಲ್ಲೇ ಪಾಟಿಯ ಮೇಲೆ ಬರೆದರು. ಮಗಳು ರೂಢಿಯಂತೆ ಓದಿ ಹೇಳಿದಳು. “ಇನ್ನ ಮ್ಯಾಲೆ ನಾ ಮೋರ್ಸ್ ಬಡೀತೇನ್ರಿ. ನಿಮ್ಮ ಡಬ್ಬಿ ಮಾತಿಗಷ್ಟ ಮಾಡಿದ್ದು, ಅದರಾಗ ಮೋರ್ಸ್ ಕೇಳೂದಿಲ್ಲ. ಒಂದು ಸಣ್ಣ ಬೋರ್ಡ್ ಹಾಕಬೇಕು, ಮಾಡಿಕೊಂಡ ಬಂದೇನಿ.” ಜೇಬಿನಿಂದ ಕಾಗದದಲ್ಲಿ ಸುತ್ತಿದ ಬೋರ್ಡು ತೆಗೆದು ಹೆಮ್ಮೆಯಿಂದ ತೋರಿಸಿದರು.

ಡಬ್ಬಿ ಟೇಬಲಿನ ಮೇಲೆಯೇ ಇತ್ತು. ನಾನೇ ಹಾಕುತ್ತೇನೆ ಚಾಚಾ, ಇಟ್ಟು ಹೋಗಿ ಎಂದೆ. ಅವರು ಆಗಲೇ ಮುಚ್ಚಳ ತೆಗೆದಿದ್ದರು. ಭೂತಗನ್ನಡಿ ಕಣ್ಣಿಗೆ ಹಿಡಿದರು. ಕೆರೆದ ಮೇಣ ನೋಡಿದರು. ಮುರಿದ ಫೆರೈಟು ನೋಡಿದರು. ಅದರ ಮೇಲೆ ಕಬ್ಬಿಣದ ಬಿಳಿ ಗೀರು ಹಾಗೇ ಇತ್ತು. ಕೆಳಗೆ ಗಿರಣಿ ನಡೆದಿತ್ತು.

ಆಮೇಲೆ ಕೈ ಚಾಚಿ, ಗೋಡೆಯ ಮೊಳೆಗೆ ತೂಗಿದ್ದ ಲಾಗ್ ಪುಸ್ತಕ ತೋರಿಸಿದರು. ಕೊಟ್ಟೆ. ಕೊಡದೆ ಇರುವ ಧೈರ್ಯವೂ ನನಗಿರಲಿಲ್ಲ. ಅವರು ದೀಪಾವಳಿಯ ಪುಟ ತೆಗೆದರು. ನಾಲ್ಕು ದಿನ, ಇರುವೆ ಸಾಲಿನಂಥ ನನ್ನ ಸಣ್ಣ ಅಕ್ಷರ, ಅವರ ಹೆಂಡತಿಯ ಕಸೂತಿ ಬಟ್ಟೆ ಎಲ್ಲ ಅಲ್ಲಿತ್ತು. ಐದನೆಯ ದಿನದಿಂದ ‘ಹರಟೆ’. ಪುಟ ತಿರುವಿದರು, ಹರಟೆ. ಇನ್ನೊಂದು ಪುಟ, ಹರಟೆ, ಹರಟೆ. ಪ್ರತಿ ಸಾಲಿನಲ್ಲೂ ಫೈವ್ ನೈನ್. ನಾನು ಏನೂ ಹೇಳಬೇಕಾಗಲಿಲ್ಲ. ಬರೆದಿಟ್ಟು ಸಹಿ ಮಾಡಿದ್ದೆನಲ್ಲ.

ಚಾಚಾ ಪುಸ್ತಕ ಮುಚ್ಚಿ ಪಾಟಿ ತೆಗೆದುಕೊಂಡರು. ಒದ್ದೆ ಬಟ್ಟೆಯಿಂದ ಒರೆಸಿ, ನಿಧಾನಕ್ಕೆ ಬರೆದರು. ಮಗಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಅಭ್ಯಾಸಬಲದಿಂದ ಬಗ್ಗಿ ಗಟ್ಟಿಯಾಗಿ ಓದಿದಳು.

“ನಾ ಮಾತಾಡಿದ್ದನ್ನ ಯಾರೂ ಕೇಳೇ ಇಲ್ಲ ಅಂದಂಗಾತಲ್ರಿ, ಮಾಸ್ತರ.”

ಕೊನೆಯ ಎರಡು ಶಬ್ದಕ್ಕೆ ಬರುವಾಗ ಅವಳ ದನಿ ಇಳಿಯಿತು. ಅವಳು ಡಬ್ಬಿ ನೋಡಿದಳು, ಪುಸ್ತಕ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ತಪ್ಪಾತು ಎಂದೆ. ಮತ್ತೊಮ್ಮೆ ಅಂದೆ. ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಅಂದಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ, ನಾನು ಅದನ್ನು ತಪ್ಪು ಅನ್ನುವುದೂ ಇಲ್ಲ.

ಚಾಚಾ ಹೋಗಲಿಲ್ಲ. ಚೀಲದಿಂದ ಸಾಮಾನು ತೆಗೆದು ಮುರಿದ ತುಣುಕುಗಳನ್ನು ಸೂಜಿಯಿಂದ ಒಂದೊಂದೇ ಹೊರಗೆ ತೆಗೆದರು. ಹೊಸ ತಿರುಪು ಕೂಡಿಸಿದರು, ತಮ್ಮ ಬೋರ್ಡು ಬೆಸೆದರು. ಬಿದಿರಿನ ಕಡ್ಡಿ ಬೇಕೆಂದು ಬೆರಳಿನಲ್ಲಿ ಸನ್ನೆ ಮಾಡಿದರು. ನಾನು ಕೋಣೆಯೆಲ್ಲ ಹುಡುಕಿ, ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ದಾರ ಬಿಚ್ಚದೆ ಹಾಗೇ ಇದ್ದ ಕಡ್ಡಿಯನ್ನು ತಂದುಕೊಟ್ಟೆ. ಅವರು ಆ ದಾರವನ್ನು ಕ್ಷಣ ನೋಡಿ, ಬಿಚ್ಚಿ, ತಿರುಪು ಹದ ಮಾಡಿ, ಮೇಣ ಬಿಟ್ಟರು. ಬೈದಿದ್ದರೆ, ಪಾಟಿಯ ತುಂಬ ಬೈಗುಳ ಬರೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅದೇ ವಾರದಿಂದ ಮತ್ತೆ ಶುರುವಾಯಿತು. ನಾನು ನಲವತ್ತು ಮೀಟರಿನಲ್ಲಿ ಬಾಯಿಂದ ಮಾತಾಡುವುದು, ಅವರು ನೂರಾ ಅರವತ್ತರಲ್ಲಿ ಕಟ್ಟಕಡ ಬಡಿಯುವುದು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಕಳಿಸುತ್ತಿದ್ದರು. ಮೋರ್ಸಿನ ಸದ್ದು ಗಿರಣಿಯ ಗದ್ದಲ ಸೀಳಿಕೊಂಡು ಬರುತ್ತಿತ್ತು. ಮೊದಲ ದಿನ ನನ್ನ ರಿಪೋರ್ಟಿಗೆ ಕಾದರು. ಗದ್ದಲ ಇದೆ, ಮೂರು-ಐದು, ಎರಡು ಅಕ್ಷರ ತಪ್ಪಿದವು ಎಂದೆ. ಖರೇ, ಎಂದು ಬಡಿದರು.

ಆಮೇಲೆ ಒಂದು ಹೊಸ ಪದ್ಧತಿ ಬಂತು. ಅವರು ಹೇಳಿಲ್ಲ, ತಾನಾಗಿಯೇ ಬಂತು. ತಮ್ಮ ಮಾತು ಮುಗಿಸಿ ಅವರು ಒಂದು ಪ್ರಶ್ನೆ ಚಿಹ್ನೆ ಕಳಿಸುತ್ತಿದ್ದರು. ಅವರು ಹೇಳಿದ್ದಷ್ಟನ್ನೂ ನಾನು ಒಂದು ಶಬ್ದ ಬಿಡದೆ ತಿರುಗಿ ಹೇಳಬೇಕು. ಇಂದು ಮಳೆ ಬಂತು, ಅಂಗಡಿಗೆ ಎರಡು ಟಿವಿ ಬಂದವು, ಮಗಳಿಗೆ ನೆಗಡಿ. ಒಂದು ತಪ್ಪಿದರೂ ಮೊದಲಿನಿಂದ ಮತ್ತೆ ಬಡಿಯುತ್ತಿದ್ದರು. ಎಲ್ಲ ಸರಿಯಾದ ಮೇಲೆಯೇ ಸೆಟ್ಟು ಬಂದ್. ನಾಲ್ಕು ವರ್ಷ ಹೀಗೆ ನಡೆಯಿತು. ಒಂದು ಸಂಜೆಯೂ ನಾನು ಪೇಪರು ತಿದ್ದಲಿಲ್ಲ.

ಅವರ ದನಿಯ ಕೊನೆಯ ಐದು ತಿಂಗಳು ನನ್ನೊಬ್ಬನಿಗಾಗಿಯೇ ಖರ್ಚಾಗಿತ್ತು ಎನ್ನುವುದು ನನ್ನನ್ನು ಬಿಡಲಿಲ್ಲ. ಆ ಬ್ಯಾಂಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟು ಸಂಜೆ ಅವರು ಏನು ಹೇಳಿದರು? ಹೆಂಡತಿಯ ಮಾತೋ, ಮಗಳ ಚಿಂತೆಯೋ, ಗಂಟಲಿನ ಭಯವೋ? ಒಂದು ದಿನ ಧೈರ್ಯ ಮಾಡಿ ಮೈಕಿನಲ್ಲಿ ಕೇಳಿದೆ. “ಚಾಚಾ, ಆ ಐದು ತಿಂಗಳದಾಗ ನೀವು ಏನೇನ ಹೇಳಿದ್ರಿ? ಇನ್ನೊಮ್ಮೆ ಹೇಳ್ರಿ. ಈ ಸಲ ಎಲ್ಲಾ ಬರಕೋತೇನಿ.”

ಮುಳ್ಳು ಏಳಲಿಲ್ಲ. ನಾನು ಕಾದೆ. ಕೆಳಗೆ ಗಿರಣಿ ನಿಂತಿತ್ತು. ನಲವತ್ತು ಮೀಟರಿನಲ್ಲಿ ನನ್ನ ದನಿ ನರಗುಂದದಲ್ಲಿ ಯಾವಾಗಲೂ ಫೈವ್ ನೈನ್. ಇಷ್ಟು ವರ್ಷದಲ್ಲಿ ನನ್ನ ಒಂದು ಶಬ್ದ ಅವರಿಗೆ ಕೇಳಿಸದೆ ಹೋದದ್ದಿಲ್ಲ.

ಕೊನೆಗೆ ಮುಳ್ಳು ಎದ್ದಿತು. ಒಂದೊಂದೇ ಅಕ್ಷರ, ಅವಸರವಿಲ್ಲದೆ, ಬಿಡಿಬಿಡಿಯಾಗಿ ಬಂತು. ನಾನು ರೂಢಿಯಂತೆ ಬರೆದುಕೊಂಡು, ರೂಢಿಯಂತೆ ತಿರುಗಿ ಹೇಳಿದೆ.

“ನೀವು ಹೇಳಿದ್ದು ಕೇಳಿಸಲಿಲ್ಲ, ಮಾಸ್ತರ.”

ಖರೇ, ಎಂದು ಬಡಿದು ಅವರು ಸೆಟ್ಟು ಬಂದ್ ಮಾಡಿದರು.